ಹೊಸಿಲಿನವರೆಗಿನ ಸ್ವಾತಂತ್ರ್ಯ

ಸ್ವಾತಂತ್ರ್ಯದ ವಿಷಯದಲ್ಲಿ ನಾನು ಬಹಳ ಉದಾರಿ. ಯಾರು ಎಷ್ಟು ಬೇಕಾದರೂ ತೆಗೆದುಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ. ನಮ್ಮ ಮನೆಯಿಂದ ತೆಗೆದುಕೊಳ್ಳಬಾರದು, ಅಷ್ಟೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಾನು ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದೆ. ದೇಶಕ್ಕೇನೋ ಬಂತು, ಮೈಸೂರು ಸೀಮೆಯವರಾದ ನಮಗೂ ಬಂತೋ, ಇಲ್ಲ ಅರಮನೆಯ ಬಾಗಿಲಲ್ಲೇ ನಿಂತಿತೋ ಎಂಬುದು ಕೆಲವು ದಿನ ಯಾರಿಗೂ ತಿಳಿಯಲಿಲ್ಲ. ತಿಳಿಯದ ವಿಷಯದ ಮೇಲೆ ಭಾಷಣ ಮಾಡುವುದು ಮೇಷ್ಟ್ರ ಕಸುಬು ತಾನೆ? ಸಂತೆ ಮೈದಾನದಲ್ಲಿ ಮೇಜು ಹತ್ತಿ ನಿಂತು, “ತಾಯಂದಿರೇ, ಎದ್ದೇಳಿ! ಯಾರ ಅಪ್ಪಣೆಗೂ ಕಾಯಬೇಡಿ!” ಎಂದು ಗಂಟಲು ಕಟ್ಟುವವರೆಗೆ ಕೂಗಿದೆ. ಸಭೆಗೆ ಬಂದಿದ್ದ ತಾಯಂದಿರು ಇಬ್ಬರೇ. ಒಬ್ಬಳು ಕಡಲೆಕಾಯಿ ಮಾರುವವಳು, ಇನ್ನೊಬ್ಬಳು ನನ್ನ ಹೆಂಡತಿ ರುಕ್ಮಿಣಿ. ಕಡಲೆಕಾಯಿಯವಳಿಂದ ನನಗೇನೂ ತೊಂದರೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತಾ ರುಕ್ಮಿಣಿ, “ತಂಗಿ ಬಾಣಂತನಕ್ಕೆ ಯಲ್ದೂರಿಗೆ ಬಂದಿದಾಳಂತೆ. ನೋಡ್ಕೊಂಡು ಬರ್ತೀನಿ” ಎಂದಳು. ಯಲ್ದೂರು ಅವಳ ತವರು.

“ರಜ ಬರ್ಲಿ, ನಾನೇ ಕರ್ಕೊಂಡು ಹೋಗ್ತೀನಿ” ಎಂದೆ. ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದ ಮಾತು ಅದು. ರಜಗಳೇನೋ ತಪ್ಪದೆ ಬರುತ್ತಿದ್ದವು.

“ಬೇಡಿ. ಒಬ್ಳೇ ಬಸ್ಸಲ್ಲಿ ಹೋಗ್ತೀನಿ.”

“ಮೇಷ್ಟ್ರ ಹೆಂಡ್ತಿ ಒಬ್ಳೇ ಬಸ್ಸು ಹತ್ತಿದ್ರೆ ಊರು ಏನನ್ನುತ್ತೆ?”

“ನಿನ್ನೆ ನೀವೇ ಅಂದ್ರಲ್ಲ, ಯಾರ ಅಪ್ಪಣೆಗೂ ಕಾಯಬೇಡಿ ಅಂತ?”

“ಅದು ಊರಿಗೆ ಹೇಳಿದ್ದು ಕಣೇ!”

“ನಾನೇನು ಕಾಡಲ್ಲಿದೀನಾ?”

ಆಗ ಸ್ವಾತಂತ್ರ್ಯಕ್ಕೂ ಸ್ವೇಚ್ಛೆಗೂ ಇರುವ ವ್ಯತ್ಯಾಸವನ್ನು ವಿವರಿಸಿದೆ. ಯಾವ ಸ್ವಾತಂತ್ರ್ಯಕ್ಕೂ ಒಂದು ಮಿತಿ ಇದ್ದೇ ಇರುತ್ತದೆಂದೆ. “ಎಲ್ಲೀವರೆಗೆ?” ಎಂದಳು. ನನ್ನ ಕಣ್ಣು ಹೊಸಿಲ ಕಡೆ ಹೋಯಿತು. ಅವಳೂ ಅತ್ತ ನೋಡಿದಳು. ಮಧ್ಯಾಹ್ನ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಗೆ ಬೀಗ ಬಿದ್ದಿತ್ತು, ಬೀಗದ ಕೈ ಪಕ್ಕದ ಮನೆಯ ಮುನಿಯಮ್ಮನ ಸೊಂಟದಲ್ಲಿತ್ತು.

ಹೋಗಲಿ, ನಾನೂ ಸ್ವತಂತ್ರನಾದೆ. ಸ್ನಾನ ಮಾಡಿ ಎನ್ನುವವರಿಲ್ಲ, ನಶ್ಯ ಬಿಡಿ ಎನ್ನುವವರಿಲ್ಲ. ಆ ಹುಮ್ಮಸ್ಸಿನಲ್ಲಿ ಮುದ್ದೆ ತೊಳಸಲು ಕೂತೆ. ಕಿಟಕಿಯಿಂದ ಇಣುಕಿದ ಮುನಿಯಮ್ಮ, “ಏಮಿ ಸಾಮೀ, ಗೋಡೆಗೆ ಮೆತ್ತೋಕೆ ಮಣ್ಣು ಕಲಸ್ತಾ ಇದೀರಾ?” ಎಂದು ಅರ್ಧ ತೆಲುಗಿನಲ್ಲಿ ವಿಚಾರಿಸಿದಳು. ಹಸಿವನ್ನು ಹೇಗೋ ತಡೆಯಬಹುದಿತ್ತು. ಆದರೆ ಮನೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ಎದುರಾಡುವವರೇ ಇಲ್ಲದೆ, ನಾನು ಹೇಳುವುದರಲ್ಲಿ ಹುರುಳಿಲ್ಲವೆಂದು ನನಗೇ ತಿಳಿಯತೊಡಗಿತು. ಭಾನುವಾರ ಬರುತ್ತಲೇ ಯಲ್ದೂರಿಗೆ ಹೊರಟೆ. ದಾರಿಯುದ್ದಕ್ಕೂ ಅವಳನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವ ಮಾತುಗಳನ್ನು ಜೋಡಿಸಿಕೊಂಡೆ.

ಅವಳು ಜಗುಲಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ತಂಗಿಯ ಜೊತೆ ಏನೋ ಹೇಳಿ ಬಿದ್ದು ಬಿದ್ದು ನಗುತ್ತಿದ್ದಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ತಂದಿದ್ದ ಕ್ಷಮೆಯನ್ನು ಹಾಗೇ ಜೇಬಿಗೆ ಸೇರಿಸಿದೆ.

“ಯಾವಾಗ ಬರ್ತೀಯಾ?” ಎಂದು ಮೆಲ್ಲಗೆ ಕೇಳಿದೆ.

“ಬರ್ತೀನಿ. ಇನ್ನೂ ನಾಕು ದಿನ ಇರ್ಬೇಕು ಅನ್ನಿಸ್ತಿದೆ. ಊಟ ಮಾಡಿ ಮೊದ್ಲು, ಸೊರಗಿ ಹೋಗಿದೀರಿ” ಎಂದಳು.

ಸಂಜೆ ಅವಳೇ ಬಸ್ಸಿನವರೆಗೆ ಬಂದು, ಒಂದು ಉಪ್ಪಿನಕಾಯಿ ಜಾಡಿಯನ್ನು ನನ್ನ ಕೈಗಿತ್ತು, ಕಂಡಕ್ಟರನ್ನು ಕರೆದಳು. “ನಮ್ಮ ಯಜಮಾನ್ರು ಒಬ್ರೇ ಬರ್ತಿದಾರಪ್ಪ. ನಿದ್ದೆ ಮಾಡಿ ಮುಂದಕ್ಕೆ ಹೋಗ್ಬಿಡ್ತಾರೆ. ಮುಳಬಾಗಿಲಲ್ಲಿ ನೆನಪಿಟ್ಟು ಇಳಿಸ್ಬಿಡು.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆಗ್ಲಿ ತಾಯಿ, ಹುಷಾರಾಗಿ ತಲುಪಿಸ್ತೀನಿ” ಎಂದು ಡ್ರೈವರನ ಪಕ್ಕದಲ್ಲೇ ಕೂರಿಸಿದ. ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕದಲದೆ ಕೂತೆ. ಮುಳಬಾಗಿಲು ಬಂದಾಗ ನಾನು ಎಚ್ಚರವಾಗಿಯೇ ಇದ್ದೆ. ಆದರೂ ಅವನು ಬಂದು “ಇಳೀರಿ ಮೇಷ್ಟ್ರೇ” ಎನ್ನುವ ತನಕ ಏಳುವ ಧೈರ್ಯವಾಗಲಿಲ್ಲ.