ಹೊದ್ದರೆ ಕೋಟು, ಕಟ್ಟಿದರೆ ಸೂರು

ಮಗಳು ಅಪ್ಪನ ಹತ್ತಿರ ಒಂದೇ ಉಸಿರಿಗೆ ನಾಲ್ಕು ವಾಕ್ಯ ಮಾತಾಡಿದ್ದೇ ಅವತ್ತಿನ ಎಡವಟ್ಟಿಗೆಲ್ಲ ಮೂಲ.

ಕಾಲೇಜು ಸೇರಿದ ಮೇಲೆ ಅವಳು ಅಪ್ಪನಿಗೆಂದು ದಿನಕ್ಕೆ ಒಂದು "ಹೂಂ", ಒಂದು "ಊಹೂಂ" ಬಿಟ್ಟರೆ ಹೆಚ್ಚು ಖರ್ಚು ಮಾಡುತ್ತಿರಲಿಲ್ಲ. ಅಂಥವಳು ಶುಕ್ರವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, "ಅಪ್ಪಾ, ನಾಳೆ ಬೆಳಗಿನ ಜಾವ ಕಾಡಿಗೆ ಕ್ಯಾಂಪು ಹೊರಡೋದು. ಮರಕ್ಕೆ ಜೋಲಿ ಕಟ್ಕೊಂಡು ಮಲಗೋದು. ಜೋಲಿ ಎರಡು ಸಿಕ್ಕಿದೆ, ಮಳೆಗೆ ಒಂದು ಪೊಂಚೊ ಟಾರ್ಪಾಲು ಬೇಕು. ಹಗುರದ್ದು ನೋಡಿ ತಂದಿಡ್ತೀಯಾ?" ಎಂದವಳೇ ಹೊರಟುಹೋದಳು.

ಅಪ್ಪ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತ. ಆಫೀಸಿನಲ್ಲಿ ಹೊರಗೆ ಹೋಗುವ ಕಾಗದಗಳಿಗೆ ಲಕೋಟೆ ಅಂಟಿಸುವ ಕೆಲಸ ಅವನದು. ಎಲ್ಲರ ಬಾಯಲ್ಲೂ ಅವನು ಲಕೋಟಪ್ಪ. ಜೋಲಿ ಎರಡು! ಒಂದು ಅವಳಿಗೆ. ಇನ್ನೊಂದು? ಹೆಂಡತಿಗೆ ಸೊಂಟನೋವು, ಮಂಚ ಹತ್ತುವುದಕ್ಕೇ ಗೋಡೆ ಹಿಡಿಯುವವಳು. ಅಂದ ಮೇಲೆ ಮನೆಯಲ್ಲಿ ಉಳಿದವನು ತಾನೊಬ್ಬನೇ. ಮಗಳು ತನ್ನನ್ನು ಕರೆದಿದ್ದಾಳೆ! ಬಾಯಿಬಿಟ್ಟು ಕೇಳಬಹುದಿತ್ತು, ಆದರೆ ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಹೆದರಿಕೆ. ಪಕ್ಕಪಕ್ಕದ ಜೋಲಿಯಲ್ಲಿ ಮಲಗಿ ಮಗಳ ಜೊತೆ ಮನಸಾರೆ ಹರಟುವ ಭಾಗ್ಯ ಒಂದು ಕೆಟ್ಟ ಟಾರ್ಪಾಲಿನಿಂದ ತಪ್ಪಿಹೋಗಬಾರದು ಎಂದು ಅವನು ನಿಶ್ಚಯಿಸಿದ.

ಆಫೀಸಿನ ದಾರಿಯಲ್ಲಿದ್ದ ಕ್ಯಾಂಪು ಸಾಮಾನಿನ ಅಂಗಡಿಯಾಕೆ ಮೂರು ಪೊಟ್ಟಣ ಮುಂದಿಟ್ಟಳು. ಒಂದು ಹಸಿರು, ಒಂದು ಬೂದು, ಒಂದು ಕಿತ್ತಳೆ.

"ಇದು ಎರಡು ಕೆಲಸದ ಸಾಮಾನು ಸರ್. ನಡೆಯುವಾಗ ಈ ತೂತಲ್ಲಿ ತಲೆ ತೂರಿಸಿದ್ರೆ ಮಳೆಕೋಟು. ಮಲಗುವಾಗ ಜೋಲಿ ಮೇಲೆ ಕಟ್ಟಿದ್ರೆ ಸೂರು."

"ಯಾವುದು ಒಳ್ಳೇದು?"

"ಹಸಿರು ದೊಡ್ಡದು, ಆದ್ರೆ ಭಾರ. ಕಿತ್ತಳೆ ಹಗುರ, ಆದ್ರೆ ಕಾಲು ನೆನೆಯುತ್ತೆ. ಬೂದು ಎರಡರ ಮಧ್ಯೆ."

"ಹಾಗಾದ್ರೆ ಬೂದು ಸರಿ ಅನ್ನಿ."

"ಬೂದು ಸ್ವಲ್ಪ ಭಾರ, ಸ್ವಲ್ಪ ಕಾಲು ನೆನೆಯುತ್ತೆ."

ಲಕೋಟಪ್ಪ ಕಣ್ಣು ಕಣ್ಣು ಬಿಟ್ಟ. ಮೂರು ಸಹಿ ಬೀಳದೆ ಒಂದು ಲಕೋಟೆಯನ್ನೂ ಅಂಟಿಸದ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವನು, ಇಷ್ಟು ದೊಡ್ಡ ವಿಷಯವನ್ನು ಒಬ್ಬನೇ ಹೇಗೆ ತೀರ್ಮಾನಿಸುವುದು? ಸಂಜೆ ಹೇಳುತ್ತೇನೆಂದು ಒಪ್ಪಿಸಿ ಮೂರನ್ನೂ ಹೊತ್ತುಕೊಂಡು ಆಫೀಸಿಗೆ ಹೋದ. ಹೋದವನೇ ಹೊಸ ಫೈಲು ತೆರೆದು, "ವಿಷಯ: ಪೊಂಚೊ ಟಾರ್ಪಾಲಿನ ಆಯ್ಕೆ. ಅಭಿಪ್ರಾಯಕ್ಕಾಗಿ ಸಲ್ಲಿಸಿದೆ" ಎಂದು ಬರೆದು ಮೇಜಿನಿಂದ ಮೇಜಿಗೆ ಕಳಿಸಿದ.

ಹನ್ನೊಂದು ಗಂಟೆಗೆ ಫೈಲು ಮರಳಿತು. "ತೂಕವೇ ಮುಖ್ಯ. ಕಿತ್ತಳೆಯನ್ನೇ ಕೊಳ್ಳತಕ್ಕದ್ದು" ಎಂದು ಅಕೌಂಟೆಂಟರು ಬರೆದಿದ್ದರು. "ಕಾಲು ನೆನೆದರೆ ನೆಗಡಿ ಖಂಡಿತ. ಹಸಿರನ್ನೇ ಕೊಳ್ಳತಕ್ಕದ್ದು" ಎಂದು ಟೈಪಿಸ್ಟಮ್ಮ. ಅದರ ಕೆಳಗೆ ಹೆಡ್ ಕ್ಲಾರ್ಕರ ದುಂಡು ಅಕ್ಷರ: "ಮೇಲಿನ ಎರಡೂ ಅಭಿಪ್ರಾಯಗಳನ್ನು ಒಪ್ಪಿದೆ. ಅದರಂತೆ ಕ್ರಮ ಕೈಗೊಳ್ಳುವುದು."

ಊಟದ ಹೊತ್ತಿಗೆ ಮೂವರೂ ಅವನ ಮೇಜಿನ ಸುತ್ತ ನೆರೆದರು. ಹೆಡ್ ಕ್ಲಾರ್ಕರು ಹಸಿರನ್ನು ಬಿಡಿಸಿ, "ಅಲ್ಲಯ್ಯಾ, ರಾತ್ರಿ ಜಡಿಮಳೇಲಿ ನಿನಗೆ ಒಂದಕ್ಕೆ ಹೋಗ್ಬೇಕು ಅನ್ನಿಸ್ತು ಅಂತಿಟ್ಕೋ. ಏನ್ ಮಾಡ್ತೀಯ?" ಎಂದರು.

"ಸೂರು ಬಿಚ್ಚಿ, ಹಾಕ್ಕೊಂಡು ಹೋಗ್ತೀನಿ ಸರ್."

"ಆಗ ಜೋಲಿ?"

"ನೆನೆಯುತ್ತೆ."

"ಸೂರು ಬಿಚ್ಚದೆ ಹೋದ್ರೆ?"

"ನಾನು ನೆನೀತೀನಿ."

"ಹಾಗಾದ್ರೆ ಈ ಟಾರ್ಪಾಲಿಂದ ಒಣಗಿರೋದು ಯಾರು?"

ಅಷ್ಟರಲ್ಲಿ ಟೈಪಿಸ್ಟಮ್ಮ ತೂತಿನಲ್ಲಿ ಇಣುಕಿ, "ಸೂರಿನ ನಟ್ಟನಡುವೆ ತೂತಿದೆಯಲ್ರೀ!" ಎಂದು ಹೌಹಾರಿದರು.

"ಅದು ತಲೆಗೆ ಅಮ್ಮ."

"ಮಲಗಿದಾಗ ತಲೆ ಅಲ್ಲಿರಲ್ಲ, ಮಳೆ ಮಾತ್ರ ಅಲ್ಲೇ ಇರುತ್ತೆ."

ಪರೀಕ್ಷೆ ಮಾಡಿಯೇ ನೋಡುವುದೆಂದು ತೀರ್ಮಾನವಾಯಿತು. ಟಾರ್ಪಾಲಿನ ಒಂದು ತುದಿಯನ್ನು ಕಿಟಕಿಯ ಸರಳಿಗೂ ಇನ್ನೊಂದನ್ನು ಫೈಲಿನ ಬೀರುವಿನ ಹಿಡಿಗೂ ಕಟ್ಟಿದರು. ಕೆಳಗೆ ಬೆಂಚಿನ ಮೇಲೆ ಅಕೌಂಟೆಂಟರು ಅಂಗಾತ ಮಲಗಿದರು. ಟೈಪಿಸ್ಟಮ್ಮ ಕುರ್ಚಿ ಹತ್ತಿ ಒಂದು ಜಗ್ ನೀರು ಸುರಿದರು. "ನೋಡಿ, ಒಂದು ಹನೀನೂ..." ಎಂದು ಅಕೌಂಟೆಂಟರು ಬಾಯಿ ತೆರೆದದ್ದಷ್ಟೆ, ನೀರೆಲ್ಲ ನಡುವಿಗೆ ಹರಿದು ತೂತಿನಿಂದ ನೆಟ್ಟಗೆ ಆ ಬಾಯಿಗೇ ಬಿತ್ತು.

"ಮುಚ್ರೀ, ತೂತು ಮುಚ್ರೀ!" ಎಂದು ಹೆಡ್ ಕ್ಲಾರ್ಕರು ಕೂಗಿದರು. ಲಕೋಟಪ್ಪನಿಗೆ ಕೈಗೆ ಏನೂ ಸಿಗಲಿಲ್ಲ. ಗಡಿಬಿಡಿಯಲ್ಲಿ ಬೆಂಚು ಹತ್ತಿ ಕೆಳಗಿನಿಂದ ತನ್ನ ತಲೆಯನ್ನೇ ತೂರಿಸಿದ. ನೀರು ನಿಂತಿತು. ಅದೇ ಹೊತ್ತಿಗೆ ಒಳಕೋಣೆಯಿಂದ ಮ್ಯಾನೇಜರು, "ಲಕೋಟಪ್ಪಾ!" ಎಂದು ಕರೆದರು.

ಆ ದನಿ ಕಿವಿಗೆ ಬಿದ್ದರೆ ಓಡುವುದು ಅವನ ಕಾಲುಗಳ ಅಭ್ಯಾಸ. ಓಡಿದ. ಕಿಟಕಿಯ ಗಂಟು ಬಿಚ್ಚಿಕೊಂಡಿತು, ಬೀರುವಿನದು ಬಿಚ್ಚಲಿಲ್ಲ. ಬೀರುವಿನ ಬಾಗಿಲು ಧಡಾರನೆ ತೆರೆದು, ಒಳಗೆ ತುರುಕಿದ್ದ ಹತ್ತು ವರ್ಷದ ಫೈಲುಗಳೆಲ್ಲ ನೆಲಕ್ಕೆ ಸುರಿದವು.

ಹೊರಗೆ ಬಂದ ಮ್ಯಾನೇಜರು, "ಏನ್ರೀ ಇದು ವೇಷ?" ಎಂದರು.

"ಆಯ್ಕೆ ಸರ್, ಇನ್ನೂ ಆಗಿಲ್ಲ."

ಬಿದ್ದದ್ದನ್ನೆಲ್ಲ ವರ್ಷವಾರು ಜೋಡಿಸಿಯೇ ಮನೆಗೆ ಹೋಗಬೇಕೆಂದು ಅಪ್ಪಣೆಯಾಯಿತು. ಅಭಿಪ್ರಾಯ ಕೊಟ್ಟ ಮೂವರೂ ಐದಕ್ಕೆ ಸರಿಯಾಗಿ ಜಾಗ ಖಾಲಿ ಮಾಡಿದರು.

ಏದುಸಿರು ಬಿಡುತ್ತಾ ಅವನು ಅಂಗಡಿ ಮುಟ್ಟಿದಾಗ ಶಟರು ಅರ್ಧ ಇಳಿದಿತ್ತು. "ಬೇಗ ಹೇಳಿ ಸರ್, ಇನ್ನು ಸೋಮವಾರವೇ ಬಾಗಿಲು ತೆಗೆಯೋದು" ಎಂದಳು ಅಂಗಡಿಯಾಕೆ.

"ಆ ತೂತಿಗೆ ಏನ್ ಮಾಡೋದಮ್ಮಾ?"

"ತೂತಿಗೇ ಹೊಲಿದಿರೋ ಟೋಪಿಯ ದಾರ ಎಳೆದು ಗಂಟು ಹಾಕೋದು ಸರ್. ಮುಚ್ಚಿಕೊಳ್ಳುತ್ತೆ."

ಇಡೀ ದಿನ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತಲ್ಲ ಎಂದು ಲಕೋಟಪ್ಪ ಹಣೆ ಚಚ್ಚಿಕೊಂಡ. ಆದರೂ ಹೆಡ್ ಕ್ಲಾರ್ಕರ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯೋಚಿಸಿದ, ತಲೆ ಕೆರೆದ, ಕೊನೆಗೆ ಹುಟ್ಟಿದಂದಿನಿಂದ ಮೊದಲ ಬಾರಿಗೆ ತಾನೇ ಒಂದು ತೀರ್ಮಾನ ತೆಗೆದುಕೊಂಡ. ಬೂದು ಸೂರಿಗೆ, ಕಿತ್ತಳೆ ಮೈಗೆ. ಎರಡನ್ನೂ ಕೊಂಡ.

"ಎರಡು ಸೇರಿದ್ರೆ ಹಸಿರಿಗಿಂತ ಭಾರ ಆಗುತ್ತಲ್ಲ ಸರ್?"

"ಆಗ್ಲಿ ಬಿಡಮ್ಮ" ಎಂದು ಒದ್ದೆಯಾದ ಹಸಿರನ್ನು ಒರೆಸಿ ಕೊಟ್ಟು ಮನೆಗೆ ಓಡಿದ. ಬೆನ್ನ ಹಿಂದೆ ಶಟರು ಪೂರ್ತಿ ಇಳಿದ ಸದ್ದಾಯಿತು.

ಮನೆಯಲ್ಲಿ ಕಿತ್ತಳೆಯನ್ನು ತೊಟ್ಟು, ಬೂದನ್ನು ಕೈಯಲ್ಲಿ ಬಿಡಿಸಿ ಹಿಡಿದು ನಿಂತ. ಮಗಳು ಕೋಣೆಯಿಂದ ಬಂದು ನೋಡಿದವಳೇ ಕಿರುಚಿ, ಪೊಂಚೊ ಸಮೇತ ಅವನನ್ನು ತಬ್ಬಿಕೊಂಡಳು. ಎಷ್ಟೋ ವರ್ಷಗಳ ಮೇಲಿನ ಅಪ್ಪುಗೆ. ಅವನ ಕಣ್ಣು ತುಂಬಿತು.

"ಎರಡು ತಂದ್ಯಾ! ಅಮ್ಮಾ, ಬಾ ಇಲ್ಲಿ! ಅಪ್ಪ ನಿಂಗೂ ಒಂದು ತಂದಿದಾರೆ!"

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಅಯ್ಯೋ, ನಾನೂ ಹೊರಟಿದೀನಿ ಅಂತ ನಿಮಗೆ ಹೇಗ್ರೀ ಗೊತ್ತಾಯ್ತು? ಜೋಲೀಲಿ ಮಲಗಿದ್ರೆ ಸೊಂಟಕ್ಕೆ ಹಿತ ಅಂತ ಇವಳೇ ಒಪ್ಪಿಸಿದ್ದು. ನಿಮಗೆ ಹೇಳಿದ್ರೆ ಹತ್ತು ಜನರನ್ನ ಕೇಳ್ಕೊಂಡು ಬರ್ತೀರ ಅಂತ ಸುಮ್ನಿದ್ದೆ. ಒಂದರಲ್ಲೇ ಇಬ್ರೂ ಸುಧಾರಿಸ್ಕೊಳ್ಳೋಣ ಅಂತಿದ್ವಿ." ಅವಳ ದನಿ ಮೆತ್ತಗಾಯಿತು. "ಮದುವೆಯಾಗಿ ಇಪ್ಪತ್ತು ವರ್ಷಕ್ಕೆ, ಹೇಳದೇ ನನ್ನ ಮನಸ್ಸು ತಿಳ್ಕೊಂಡಿದ್ದು ಇದೇ ಮೊದಲು ಕಣ್ರೀ."

ಲಕೋಟಪ್ಪ ಬಾಯಿ ತೆರೆದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೊಳೆಯಿತು. "ನನಗೆ ಗೊತ್ತಾಗದೆ ಇರುತ್ತಾ" ಎಂದ. ಎದೆಯೊಳಗೆ ಅಳುವೋ ನಗುವೋ ಅವನಿಗೇ ತಿಳಿಯಲಿಲ್ಲ.

"ಬಿಚ್ಚಿ ಕೊಡಿ, ನಾನೂ ಹಾಕಿ ನೋಡ್ತೀನಿ" ಎಂದು ಹೆಂಡತಿ ಕಿತ್ತಳೆಯನ್ನು ಅವನ ತಲೆಯಿಂದ ಎಳೆದುಕೊಂಡಳು. ಬೂದು ಆಗಲೇ ಮಗಳ ಮೈಮೇಲಿತ್ತು.

ಅವನು ತಡೆಯಲಾರದೆ, ಏನೋ ತಮಾಷೆಗೆ ಕೇಳುವವನಂತೆ, "ಅಲ್ಲ ಮಗಳೇ, ಇನ್ನೊಂದು ಜೋಲಿ ಎಲ್ಲಾದ್ರೂ ಸಿಗುತ್ತಾ?" ಎಂದ.

"ಓ, ನೀನೂ ಬರ್ತೀಯಾ? ಗೆಳತಿ ಹತ್ರ ಬೇಕಾದಷ್ಟಿದೆ ಅಪ್ಪಾ!" ಮಗಳ ಮುಖ ಅರಳಿತು. ಮರುಗಳಿಗೆಯೇ ಬಾಡಿತು. "ಆದ್ರೆ ನಿಂಗೆ ಪೊಂಚೊ ಇಲ್ವಲ್ಲ."