ತೂಕದ ಸಾಹೇಬರು ವೈರು ಪರೀಕ್ಷಿಸಿದ್ದು

ತೂಕದ ಸಾಹೇಬರ ಮೇಲೆ ಅವರ ಹೆಂಡತಿಗಿದ್ದ ದೂರು ಒಂದೇ: ಮನೆಯೊಳಗೂ ಅವರು ತನಿಖೆಗೆ ಬಂದವರ ಹಾಗೆಯೇ ಓಡಾಡುತ್ತಾರೆ. ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಉದ್ಯೋಗ. (ಆಸ್ಪತ್ರೆಯ ದಾದಿ ಮಗಳನ್ನು ತಂದು ಕೈಗಿತ್ತು ತೂಕ ಹೇಳಿದಾಗ, "ನಿಮ್ಮ ತಕ್ಕಡಿ ಸರಿ ಇದೆಯಾ?" ಎಂದು ಕೇಳಿದ ಮಹಾನುಭಾವರು.)

ಆ ರಜೆಯ ದಿನ ಹೆಂಡತಿ ಕಸೂತಿ ಯಂತ್ರದ ಮುಂದೆ ಕೂತಿದ್ದಳು. ಸಂಗೀತ ಟೀಚರು ಹಾಡು ಕಲಿಸುವ ಮಕ್ಕಳ ತಂಡಕ್ಕೆ ಅಂಗಿಗಳು. ಪ್ರತಿ ಜೇಬಿನ ಮೇಲೂ ಹಾರುವ ಹಕ್ಕಿ. ಸಂಜೆ ಮಕ್ಕಳು ಅವನ್ನೇ ತೊಟ್ಟು ವೇದಿಕೆ ಹತ್ತಬೇಕು. ಯಂತ್ರ ಹಳೆಯದು, ಅದಕ್ಕೆ ಜ್ಞಾಪಕಶಕ್ತಿ ಇಲ್ಲ. ಪ್ರತಿ ಹಕ್ಕಿಯೂ ಕಂಪ್ಯೂಟರಿನಿಂದ ಒಂದು ವೈರಿನ ಮೂಲಕ ಹೊಸದಾಗಿ ಬರಬೇಕು.

"ಕಂಪ್ಯೂಟರ್ ಏನೋ ಅಪ್‌ಡೇಟ್ ಕೇಳ್ತಿದೆ ಕಣೇ. ಬಾಕಿ ಇಟ್ಕೋಬಾರ್ದು," ಎಂದು ಸಾಹೇಬರು ಅವಳು ನೀರು ಕುಡಿಯಲು ಎದ್ದ ಹೊತ್ತಿನಲ್ಲಿ ಒಪ್ಪಿಗೆ ಒತ್ತಿಬಿಟ್ಟರು.

ಆಮೇಲೆ ಒಂದು ಹಕ್ಕಿಯೂ ಬರಲಿಲ್ಲ. ನಾಲ್ಕು ಅಂಗಿಗಳು ಬೋಳು ಜೇಬಿನಲ್ಲೇ ಉಳಿದವು.

ವೈರು ಮಾರಿದ ಅಂಗಡಿಯವನಿಗೆ ಫೋನು ಹೋಯಿತು. "ಅದರ ಪ್ಲಗ್ಗಿನೊಳಗೆ ಒಂದು ಚಿಪ್ ಇರುತ್ತಮ್ಮಾ," ಎಂದ ಅವನು. "ನಿಮ್ಮದು ನಕಲಿ ಅಂತ ಕಾಣುತ್ತೆ. ನನಗೂ ಗೊತ್ತಿರಲಿಲ್ಲ. ಅಸಲಿ ಕಂಪನಿಯವರು ಹೊಸ ಅಪ್‌ಡೇಟಿನಲ್ಲಿ ಒಂದು ಉಪಾಯ ಇಟ್ಟಿದ್ದಾರೆ. ನಕಲಿ ಚಿಪ್ ಸಿಕ್ಕಿದರೆ ಅದರ ಗುರುತನ್ನೇ ಅಳಿಸಿಹಾಕುತ್ತೆ. ಇನ್ನು ಅದನ್ನ ಯಾವ ಕಂಪ್ಯೂಟರೂ ಮಾತಾಡಿಸಲ್ಲ."

"ಭೇಷ್," ಎಂದರು ಸಾಹೇಬರು. "ನಕಲಿ ಅಂದಮೇಲೆ ಹಾಗೇ ಆಗಬೇಕು."

ಹೆಂಡತಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಸತ್ತ ವೈರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಅಲ್ಲಾರೀ, ನೀವು ಅಂಗಡಿಯವನ ಸುಳ್ಳು ಬಟ್ಟನ್ನ ಹೇಗೆ ಹಿಡಿಯೋದು?"

"ತೂಗಿ ತೋರಿಸ್ತೀನಿ. ಜಪ್ತಿ ಮಾಡಿ ರಸೀದಿ ಕೊಡ್ತೀನಿ."

"ಅವನಿಲ್ಲದಾಗ ಬೀಗ ತೆಗೆದು ಒಳಗೆ ಹೋಗಿ ಒಡೆದು ಬರಲ್ಲ ತಾನೇ?"

"ಛೆ, ಅದು ಹೇಗೆ ಆಗುತ್ತೆ? ಆದರೆ ಕಂಪನಿಯವರು ಪಾಪ ಕಷ್ಟಪಟ್ಟು ಮಾಡಿದ್ದನ್ನ ಯಾರೋ ಕದ್ದು ಮಾರಿದರೆ ಸುಮ್ಮನಿರಬೇಕಾ?"

"ಕದ್ದದ್ದು ತಪ್ಪೇ, ಇಲ್ಲ ಅನ್ನಲ್ಲ. ಆದರೆ ಕದ್ದವನು ಎಲ್ಲೋ ಹಾಯಾಗಿದ್ದಾನೆ. ದುಡ್ಡು ಕೊಟ್ಟು ತಗೊಂಡ ನನಗೆ ಪೆಟ್ಟು. ಈ ಚಿಪ್ ನಾಳೆ ಯಾವುದಾದರೂ ಆಸ್ಪತ್ರೆಯ ಯಂತ್ರದಲ್ಲಿ ಇದ್ದರೆ? 'ಅಮ್ಮಾ, ಇದು ನಕಲಿ, ಬದಲಾಯಿಸಿಕೋ' ಅಂತ ಪರದೆ ಮೇಲೆ ಒಂದು ಮಾತು ಬರೆಯೋಕೆ ಅವರಿಗೆ ಏನಾಗಿತ್ತು?"

ಸಾಹೇಬರು ಗಂಭೀರವಾಗಿ ಕೆಮ್ಮಿದರು.

ಹೆಂಡತಿ ಮನಸ್ಸಿನಲ್ಲೇ ದೇವರನ್ನು ನೆನೆದು ಮೇಲಿನ ಮನೆಯ ಅಕ್ಕನ ಹತ್ತಿರ ಹೋದಳು. ಅಕ್ಕನೂ ಕಸೂತಿಯವಳೇ. ಅಪ್‌ಡೇಟಿನ ಗೋಜಿಗೇ ಹೋಗದ ತನ್ನ ಕಂಪ್ಯೂಟರನ್ನೂ ವೈರನ್ನೂ ಎರಡು ಮಾತಾಡದೆ ಕೊಟ್ಟಳು. ಹೆಂಡತಿ ಎರಡನ್ನೂ ತಂದು ಮೇಜಿನ ಮೇಲಿಟ್ಟು, ಹಕ್ಕಿಯ ಚಿತ್ರ ಅಕ್ಕನ ಕಂಪ್ಯೂಟರಿನಲ್ಲಿ ಸೇರಿಸಿ, ದಾರ ಬದಲಿಸಲು ಒಳಗೆ ಹೋದಳು.

ಮರಳಿ ಬರುವಷ್ಟರಲ್ಲಿ ಅಕ್ಕನ ವೈರು ಅಪ್‌ಡೇಟ್ ಆಗಿದ್ದ ತಮ್ಮ ಮನೆಯ ಕಂಪ್ಯೂಟರಿಗೆ ಸೇರಿಕೊಂಡಿತ್ತು. ಸಾಹೇಬರು ಕನ್ನಡಕ ಮೂಗಿನ ತುದಿಗಿಳಿಸಿ ಪರದೆ ನೋಡುತ್ತಿದ್ದರು.

"ಏನ್ ಮಾಡಿದ್ರಿ?"

"ಪರೀಕ್ಷೆ. ಅಸಲಿಯೋ ನಕಲಿಯೋ ತಿಳಿಯದೆ ಬಳಸೋದು ಸರಿಯಲ್ಲ ನೋಡು. ಕಂಪ್ಯೂಟರು ಇದನ್ನೂ ಮಾತಾಡಿಸ್ತಿಲ್ಲ. ಇದೂ ನಕಲಿ," ಎಂದರು ಸಾಹೇಬರು, ವಿಜಯೋತ್ಸಾಹದಿಂದ.

ಅವರ ಇಡೀ ಸೇವಾವಧಿಯಲ್ಲಿ ತಕ್ಕಡಿಯಲ್ಲಿಟ್ಟ ಮಾತ್ರಕ್ಕೆ ಯಾವ ಬಟ್ಟೂ ಸತ್ತದ್ದಿಲ್ಲ. ಈ ಪರೀಕ್ಷೆಯಲ್ಲಿ ತೂಗುವುದೂ ಕೊಲ್ಲುವುದೂ ಒಂದೇ ಎಂಬುದು ಅವರಿಗೆ ತಿಳಿದದ್ದು ಹೆಂಡತಿಯ ಮುಖ ನೋಡಿದ ಮೇಲೆ.

ಅವಳು ಬಯ್ಯಲಿಲ್ಲ. (ಬೈದಿದ್ದರೆ ಚೆನ್ನಾಗಿತ್ತು.) ಸೂಜಿಯೊಂದನ್ನು ಅವರ ಕೈಗಿತ್ತಳು. "ಕೂತ್ಕೊಳ್ಳಿ. ಉಳಿದದ್ದು ಕೈಯಲ್ಲೇ ಆಗಬೇಕು. ಅಕ್ಕನಿಗೆ ಅಸಲಿ ವೈರು ತಂದುಕೊಡೋದು ನಿಮ್ಮ ಭಾರ."

ಅವಳು ಮೂರು ಅಂಗಿ ಮುಗಿಸುವ ಹೊತ್ತಿಗೆ ಸಾಹೇಬರದ್ದು ಒಂದಾಯಿತು. ಬೆರಳಿಗೆಲ್ಲ ಸೂಜಿಯ ತೂತು. ಹೆಂಡತಿ ಆ ಅಂಗಿ ಎತ್ತಿ ನೋಡಿದಳು. ಜೇಬಿನ ಮೇಲೆ ರೆಕ್ಕೆ ಕಟ್ಟಿಕೊಂಡ ಬದನೆಕಾಯಿ.

"ಇದು ನಕಲಿ ಹಕ್ಕಿ," ಎಂದು ಕತ್ತರಿ ತೆಗೆದುಕೊಂಡಳು.

"ಬೇಡ ಕಣೇ." ಸಾಹೇಬರು ಅಂಗಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. "ಒಂದು ಮಾತು ಹೇಳದೆ ಕತ್ತರಿಸಿಬಿಡೋದಾ? ಸ್ವಲ್ಪ ಸಮಯ ಕೊಡು, ನಾನೇ ತಿದ್ತೀನಿ. ತೊಡೋ ಮಗು ಏನು ತಪ್ಪು ಮಾಡಿದೆ?"

"ಇದನ್ನೇ ತಾನೇ ನಾನೂ ಕೇಳಿದ್ದು?"

ಸಾಹೇಬರು ಮತ್ತೆ ಕೆಮ್ಮಲು ನೋಡಿದರು. ಕೆಮ್ಮು ಬರಲಿಲ್ಲ.

ಅಷ್ಟರಲ್ಲಿ ಟೀಚರು ಬಂದೇಬಿಟ್ಟರು. ಒಂದೊಂದೇ ಅಂಗಿ ಮಡಚಿ ಚೀಲಕ್ಕಿಡುತ್ತಾ ಬದನೆಕಾಯಿಯ ಹತ್ತಿರ ನಿಂತರು.

"ಇದನ್ನ ಹೊಲಿದವರು ಯಾರು?"

"ನಮ್ಮ ಯಜಮಾನರು," ಎಂದಳು ಹೆಂಡತಿ. "ಬೇಡವಾದರೆ ಬಿಚ್ಚಿ ಬೇರೆ ಹಾಕಿಕೊಡ್ತೀನಿ. ಸ್ವಲ್ಪ ಹೊತ್ತಾಗುತ್ತೆ."

"ಬೇಡಮ್ಮಾ, ಇರಲಿ. ತಂಡದಲ್ಲಿ ಒಬ್ಬ ಹುಡುಗ ಇದ್ದಾನೆ, ಒಂದು ಸ್ವರವೂ ಸರಿ ಹತ್ತಲ್ಲ. ಆದರೆ ಹಾಡೋದು ಅಂದರೆ ಪ್ರಾಣ. ಅವನನ್ನ ತೆಗೆದುಹಾಕೋಕೆ ನನಗೆ ಮನಸ್ಸು ಬರಲ್ಲ, ಹಿಂದಿನ ಸಾಲಲ್ಲಿ ನಿಲ್ಲಿಸ್ತೀನಿ. ಇದು ಅವನಿಗೇ ಆಗುತ್ತೆ." ಟೀಚರು ಅಂಗಿಯನ್ನು ಅಕ್ಕರೆಯಿಂದ ಮಡಚಿದರು. ಆಮೇಲೆ ಸಾಹೇಬರ ಕಡೆ ತಿರುಗಿ ಮೃದುವಾಗಿ ಕೇಳಿದರು, "ನೀವೂ ಬರ್ತೀರಲ್ಲ ಸಾಹೇಬರೇ? ಅವನ ಪಕ್ಕದಲ್ಲಿ ಜಾಗ ಇದೆ."