ಸ್ಟಾಪಿಗೊಂದು ಅರಬ್ಬಿ ವಾಕ್ಯ

ಬೇರೆಯವರಿಗೆ ಗ್ರಹಚಾರ ಯಾವಾಗಲೋ ಒಮ್ಮೆ ವಕ್ಕರಿಸುತ್ತದಂತೆ. ನನಗೆ ಅದು ದಿನಾ ಬೆಳಿಗ್ಗೆ ಬಸ್ ಹತ್ತುತ್ತಿತ್ತು, ಪಾಸ್ ಮಾಡಿಸಿಕೊಂಡವರ ಹಾಗೆ.

ಆಗ ನಾನು ಎನ್.ಆರ್.ಪುರದಿಂದ ಹೊರಟು ಕೊಪ್ಪ, ಹರಿಹರಪುರ, ಶೃಂಗೇರಿ ಮೇಲೆ ಕಿಗ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಮಾಲೀಕರು ಇದ್ದಕ್ಕಿದ್ದಂತೆ ಬಸ್ಸು ಮಾರುತ್ತೇನೆ ಅಂದುಬಿಟ್ಟರು. ಕೊಪ್ಪದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಸಾಹೇಬರು ಹಿಂದೆ ಕುವೈತಿನಲ್ಲಿ ದುಡಿದು ಬಂದವರು. ಅವರ ಹಳೇ ಯಜಮಾನನಿಗೆ ಮಕ್ಕಳನ್ನು ಶಾಲೆಗೆ ಬಿಡಲು ಡ್ರೈವರ್ ಬೇಕಾಗಿತ್ತು. ಷರತ್ತು ಒಂದೇ: ತಿಂಗಳು ಬಿಟ್ಟು ಅಂಗಡಿಗೆ ಫೋನ್ ಮಾಡುತ್ತಾನೆ, ನಾನು ಅರಬ್ಬಿಯಲ್ಲೇ ಉತ್ತರ ಕೊಡಬೇಕು. ಕೊಟ್ಟರೆ ವೀಸಾ, ಇಲ್ಲದಿದ್ದರೆ ಮನೆಯಲ್ಲಿ ಕೂರುವುದು. ಅವತ್ತೇ ನೋಟ್‌ಬುಕ್ಕೊಂದು ಕೊಂಡು ಅಂಗಡಿಗೆ ಪಾಠಕ್ಕೆ ಹೋದೆ.

ಚಪ್ಪಲಿ ಅಂಗಡಿಯ ಪಾಠ

"ಪುಸ್ತಕದ ಅರಬ್ಬಿ ಬೇಡ ಮಾರಾಯ, ಅಲ್ಲಿ ಮಕ್ಕಳೂ ನಗ್ತಾವೆ. ಮನೇಲಿ ಆಡೋ ಮಾತು ಕಲಿ" ಅಂದರು ಸಾಹೇಬರು. ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಯಮೀನ್ ಅಂದರೆ ಬಲ, ಯಸಾರ್ ಅಂದರೆ ಎಡ, ಸೀದಾ ಅಂದರೆ ಸೀದಾನೇ! ಒಂದಾದರೂ ನಮ್ಮ ಶಬ್ದ ಸಿಕ್ಕಿತಲ್ಲ ಎಂದು ಅಳುವೇ ಬಂತು.

ಆಮೇಲೆ ಸಂಭಾಷಣೆ. ಸಾಹೇಬರು ಯಜಮಾನನಾಗಿ ಸ್ಟೂಲಿನ ಮೇಲೆ ಕೂತು, ಯಾಕೆ ತಡ ಎಂದು ಅರಬ್ಬಿಯಲ್ಲಿ ಗದರುವುದು. ನಾನು ಕೈಕಟ್ಟಿ ನಿಂತು "ಆಸಿಫ್, ಆಸಿಫ್", ಅಂದರೆ ತಪ್ಪಾಯಿತು, ಅನ್ನುವುದು. ಅಷ್ಟರಲ್ಲಿ ನಮ್ಮ ಕೇರಿಯ ಹೆಂಗಸೊಬ್ಬರು ಚಪ್ಪಲಿ ಕೊಳ್ಳಲು ಬಂದವರು ಬಾಗಿಲಲ್ಲೇ ನಿಂತು ನೋಡಿ, ಹಾಗೇ ಹೊರಟುಹೋದರು.

ಸಂಜೆ ಮನೆಗೆ ಹೋದರೆ ಹೆಂಡತಿ ಅಳುತ್ತಿದ್ದಾಳೆ. "ಎಷ್ಟು ಜೊತೆ ಕದ್ರಿ? ಸಾಹೇಬ್ರು ಆ ನಮೂನೆ ಬೈಬೇಕಾದ್ರೆ ಸುಮ್ನೇನಾ? ಮೊದಲು ವಾಪಸ್ ಕೊಟ್ಟು ಬನ್ನಿ!"

ಮನೆಯಲ್ಲಿದ್ದ ಚಪ್ಪಲಿಯನ್ನೆಲ್ಲ ಚೀಲಕ್ಕೆ ತುಂಬಿಟ್ಟಿದ್ದಳು. ನನ್ನ ಮಾವ ಮದುವೆಗೆ ಕೊಡಿಸಿದ್ದೂ ಅದರಲ್ಲಿತ್ತು.

ಖಾಲಿ ಸ್ಟಾಪು

ಸಂಜೆ ಕಲಿತದ್ದು ಬೆಳಿಗ್ಗೆ ನೆನಪಿರುತ್ತಿರಲಿಲ್ಲ. ಶಾಲೆಯಲ್ಲಿ ಮಗ್ಗಿಯದ್ದೂ ಅದೇ ಕತೆ. ಎರಡೆಂಟ್ಲೆ ಎಷ್ಟು ಅಂದರೆ ಎರಡೊಂದ್ಲೆಯಿಂದ ಹೊರಡಬೇಕಿತ್ತು. ಕೊನೆಗೊಂದು ಉಪಾಯ ಹೊಳೆಯಿತು, ಸ್ಟಾಪಿಗೊಂದು ವಾಕ್ಯ ಕಟ್ಟಿಬಿಟ್ಟೆ. ಎನ್.ಆರ್.ಪುರದಲ್ಲಿ ನನ್ನ ಹೆಸರು. ಕೊಪ್ಪದಲ್ಲಿ, ಲೈಸೆನ್ಸ್ ಇದೆ. ಹರಿಹರಪುರದಲ್ಲಿ, ಕುಡಿಯುವುದಿಲ್ಲ. ಶೃಂಗೇರಿಯಲ್ಲಿ, ಮಕ್ಕಳೆಂದರೆ ಇಷ್ಟ. ಕಿಗ್ಗದಲ್ಲಿ, ಬೇಗ ಬರುತ್ತೇನೆ. ನಡುವಿನ ಸಣ್ಣಪುಟ್ಟ ಸ್ಟಾಪುಗಳಿಗೂ ಒಂದೊಂದು.

ಬಾಯಿಪಾಠವೇನೋ ಆಯಿತು. ಆದರೆ ಒಂದು ಸ್ಟಾಪು ಬಿಟ್ಟರೆ ಮುಂದಿನದು ಬಾಯಿಗೇ ಬರುತ್ತಿರಲಿಲ್ಲ. ಹಾಗಾಗಿ ನರಪಿಳ್ಳೆ ಇಲ್ಲದ ಕಡೆಯೂ ಬಸ್ ನಿಲ್ಲಿಸಿ, ವಾಕ್ಯ ಹೇಳಿ, ಆಮೇಲೆ ಗೇರ್ ಹಾಕುತ್ತಿದ್ದೆ.

"ಇಲ್ಲಿ ಯಾರಿಗೆ ನಿಲ್ಸಿದ್ದು ಮಾರಾಯ?" ಎಂದು ಮುಂದಿನ ಸೀಟಿನ ಅಜ್ಜ ರೇಗಿದರು.

ಕಂಡಕ್ಟರ್ ಸಮಾಧಾನ ಹೇಳಿದ: "ಸ್ವಲ್ಪ ತಡ್ಕೊಳ್ಳಿ ಅಜ್ಜ, ಅರಬ್ಬಿ ಹತ್ತೋದಿದೆ."

ಫೋನು

ಯಜಮಾನ ಫೋನ್ ಮಾಡುವ ಭಾನುವಾರ ಬಂದೇಬಂತು. ಫೋನ್ ರಿಂಗಾದಾಗ ನನಗೆ ಓಡಿಹೋಗೋಣ ಅನ್ನಿಸಿತು. ಸಾಹೇಬರು ಸ್ಪೀಕರ್ ಒತ್ತಿ, ನನ್ನ ರಟ್ಟೆ ಹಿಡಿದು ಕೂರಿಸಿದರು.

ಮೊದಲು ಹೆಸರು ಕೇಳಿದ. ಎನ್.ಆರ್.ಪುರ, ಸಲೀಸು. ಆಮೇಲೆ, ಮಕ್ಕಳ ಜೊತೆ ಹೊಂದಿಕೊಳ್ತೀಯಾ ಅಂದ. ಅಯ್ಯೋ, ಅದು ಶೃಂಗೇರಿ! ತುಟಿಯಲ್ಲೇ ಗುನುಗುತ್ತ ಕೊಪ್ಪ ದಾಟಿದೆ, ಹರಿಹರಪುರ ದಾಟಿದೆ, ಬೆವರು ಒರೆಸಿಕೊಂಡು ಉತ್ತರ ಕೊಟ್ಟೆ. ಮುಂದಿನ ಪ್ರಶ್ನೆ, ಲೈಸೆನ್ಸ್ ಇದೆಯಾ? ಕೊಪ್ಪ ಹಿಂದೆಯೇ ಹೋಗಿಬಿಟ್ಟಿತ್ತು. ವಾಪಸ್ ಟ್ರಿಪ್ಪು ನನಗೆ ಬಾರದು. ಮತ್ತೆ ಎನ್.ಆರ್.ಪುರದಿಂದಲೇ ಹೊರಟೆ.

ಯಜಮಾನ ಸಾಹೇಬರಿಗೆ ಏನೋ ಕೇಳಿದ. ಇವನೇನು ಮಧ್ಯೆ ಮಧ್ಯೆ ಗೊಣಗ್ತಾನೆ ಅಂತಲೇ ಇರಬೇಕು. ಸಾಹೇಬರು ನನ್ನ ಮುಖ ನೋಡಿದರು, ನಿಟ್ಟುಸಿರು ಬಿಟ್ಟರು, ಖಾಲಿ ಸ್ಟಾಪಿನ ಸಮೇತ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಮುಗಿಯಿತು ನನ್ನ ಕತೆ ಅಂದುಕೊಂಡೆ.

ಆಮೇಲೆ ಆ ಕಡೆಯಿಂದ ಅಂಗಡಿಯೆಲ್ಲ ತುಂಬುವಂಥ ನಗು ಕೇಳಿತು.

"ಬಚಾವಾದೆ ಮಾರಾಯ!" ಅಂದರು ಸಾಹೇಬರು. "ಹಿಂದಿನ ಡ್ರೈವರ್ ಪಟಪಟ ಮಾತಾಡ್ತಿದ್ನಂತೆ, ಎಲ್ಲೂ ನಿಲ್ಸದೆ ಎರಡು ಸಲ ಗೋಡೆಗೆ ಗುದ್ದಿದ್ನಂತೆ. ಯಾರೂ ಇಲ್ದಿದ್ರೂ ಗಾಡಿ ನಿಲ್ಸೋನು ಸಿಕ್ಕಿದ್ರೆ ಮಕ್ಕಳನ್ನ ಕಣ್ಮುಚ್ಚಿ ಕೊಡ್ತೀನಿ ಅಂತಾನೆ. ಯಾವಾಗ ಬರ್ತಿ ಅಂತ ಕೇಳ್ತಿದಾನೆ, ಹೇಳು ಬೇಗ!"

ಆ ಉತ್ತರ ಇದ್ದದ್ದು ಕಿಗ್ಗದಲ್ಲಿ. ನಾನು ಕಣ್ಣು ಮುಚ್ಚಿ ಎನ್.ಆರ್.ಪುರದಿಂದ ಶುರುಮಾಡಿದೆ. ಸಾಹೇಬರು ಹಣೆ ಚಚ್ಚಿಕೊಂಡು ಫೋನಿಗೆ ಏನೋ ಹೇಳಿದರು. ಏನೆಂದು ನನಗೆ ಆಮೇಲೆ ತಿಳಿಯಿತು.

"ಆಗಲೇ ಹೊರಟಿದ್ದಾನೆ ಯಜಮಾನರೇ, ಈಗ ಕೊಪ್ಪದಲ್ಲಿದ್ದಾನೆ."